ನವೆಂಬರ್ ತಿಂಗಳ ಚುಕ್ಕೆ

ನಮ್ಮ ಲೆಕ್ಕದ ಮೇಷ್ಟ್ರು ಬಸ್ಸಿನಿಂದ ಇಳಿಯುವಾಗ ಅವರ ಅಂಗಿಯ ಕಾಲರಿನ ಹಿಂದಿನಿಂದ ಒಂದು ಗೇಣು ಮರದ ಪಟ್ಟಿ ಮೇಲಕ್ಕೆ ಎದ್ದಿರುತ್ತಿತ್ತು. ಕಪ್ಪುಹಲಗೆಯ ಮೇಲೆ ಗೆರೆ ಎಳೆಯುವ ಒಂದು ಮೀಟರಿನ ಸ್ಕೇಲು ಅದು. ಕೈಯಲ್ಲಿ ಹಿಡಿದರೆ ಬಸ್ಸಿನ ನೂಕುನುಗ್ಗಲಲ್ಲಿ ಯಾರ ಕಣ್ಣಿಗಾದರೂ ತಗುಲೀತೆಂದು ಅಂಗಿಯೊಳಗೆ ಬೆನ್ನಿಗೆ ಸಿಕ್ಕಿಸಿಕೊಂಡು ಬರುತ್ತಿದ್ದರು. ಶಿರಾದಿಂದ ನಮ್ಮೂರಿನವರೆಗೂ ಬಗ್ಗುವಂತಿಲ್ಲ, ಸೀಟಿಗೆ ಒರಗುವಂತಿಲ್ಲ. ಇಳಿದು ಶಾಲೆಯ ಗೇಟು ದಾಟಿದ ಮೇಲೆ ಅದನ್ನು ಹೊರಗೆಳೆದು, ಬೆನ್ನನ್ನು ಎರಡು ಸಲ ಆಚೀಚೆ ತಿರುಗಿಸಿ, "ಅಬ್ಬ, ಇವತ್ತಿಗೆ ಬಿಡುಗಡೆ" ಎನ್ನುವರು. ನಾವು ದಿನವೂ ನಗುತ್ತಿದ್ದೆವು. ಶಾಲೆಯಲ್ಲೇ ಇಟ್ಟು ಹೋಗಬಹುದಲ್ಲ ಸಾರ್ ಎಂದು ಕೇಳಿದರೆ, ಸಾಯಂಕಾಲ ರೂಮಿನಲ್ಲಿ ನಾಳೆಯ ನಕ್ಷೆ ಬರೆಯಲು ಬೇಕಲ್ಲ ಎನ್ನುತ್ತಿದ್ದರು.

ಅವರು ಮಧುಗಿರಿಯವರು. ಹೆಂಡತಿಯನ್ನು ಅಲ್ಲೇ ಬಿಟ್ಟು, ವಾರದ ದಿನಗಳಲ್ಲಿ ಶಿರಾದಲ್ಲಿ ಒಂದು ರೂಮು ಮಾಡಿಕೊಂಡಿದ್ದರು. ನಮ್ಮದು ಹುಲಿಕುಂಟೆ ಹೋಬಳಿಯ ಒಂದು ಸಣ್ಣ ಊರು. ನಾನು ಆಗ ಏಳನೇ ತರಗತಿ. ತರಗತಿಯಲ್ಲಿ ಇದ್ದದ್ದೇ ಹದಿನೆಂಟು ಜನ.

ಅಂಕಿಗಳನ್ನು ಕಲೆಹಾಕಿ ನಕ್ಷೆ ಬರೆಯುವ ಪಾಠ ಎಂದರೆ ಮೇಷ್ಟ್ರಿಗೆ ಎಲ್ಲಿಲ್ಲದ ಹುರುಪು. ಪುಸ್ತಕದಲ್ಲಿ ಯಾವುದೋ ಊರಿನ ಅಂಗಡಿಯಲ್ಲಿ ಮಾರಿದ ಬಲ್ಬುಗಳ ಲೆಕ್ಕ ಇರುತ್ತಿತ್ತು. ಅದನ್ನು ಮುಚ್ಚಿಟ್ಟು ನಮ್ಮನ್ನು ಅಂಗಳಕ್ಕೆ ಕರೆದುಕೊಂಡು ಹೋದರು. "ಹೊಲದಾಗೆ ಶೇಂಗಾ ಹಾಕಿರೋರ ಮನೆ ಮಕ್ಕಳು ಇಲ್ಲಿ, ರಾಗಿ ಹಾಕಿರೋರು ಇಲ್ಲಿ, ಹೊಲ ಇಲ್ದೋರು ಇಲ್ಲಿ. ಒಬ್ಬರ ಹಿಂದೆ ಒಬ್ಬರು ನಿಲ್ರಿ. ನೀವೇ ಕಂಬ." ನಾವೆಲ್ಲ ಸಾಲಾಗಿ ನಿಂತೆವು. ಹೊಲ ಇಲ್ಲದವರ ಸಾಲೇ ಎಲ್ಲಕ್ಕಿಂತ ಉದ್ದವಾಗಿತ್ತು. ನಾನೂ ನನ್ನ ಗೆಳತಿ ರಂಗಲಕ್ಷ್ಮಿಯೂ ಅದರಲ್ಲೇ ಇದ್ದೆವು. ಪಕ್ಕದ ಸಾಲಿನವರು ನೋಡಿ ಕಿಸಕ್ಕೆಂದರು. ಮೇಷ್ಟ್ರು ಬಂದು ನಮ್ಮ ಸಾಲಿನ ಕೊನೆಯಲ್ಲಿ ನಿಂತುಕೊಂಡರು. "ನಂಗೂ ಹೊಲ ಇಲ್ಲ. ನನ್ನನ್ನೂ ಎಣಿಸ್ಕೊಳ್ಳಿ" ಎಂದರು. ಸ್ತಂಭಾಲೇಖ ಎಂಬ ಪದವನ್ನು ನಾನು ಕಲಿತದ್ದು ಹಾಗೆ.

ಒಂದು ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು: "ಮೊದ್ಲು ಎಣಿಸು, ಆಮೇಲೆ ಬರಿ, ಆಮೇಲೆ ಮಾತಾಡು." ಒಮ್ಮೆ ಊರಿನ ಕುರಿಹಟ್ಟಿಗಳ ಲೆಕ್ಕ ತರಲು ನಮಗೆ ಹೇಳಿದ್ದರು. ನನ್ನ ಪಾಲಿಗೆ ಬಂದ ಹಟ್ಟಿ ಊರಾಚೆ ಗುಡ್ಡದ ಕೆಳಗಿತ್ತು. ಅಷ್ಟು ದೂರ ಹೋಗಲು ಬೇಜಾರಾಗಿ ಮನಸ್ಸಿಗೆ ತೋಚಿದ ಸಂಖ್ಯೆ ಬರೆದು ತಂದೆ. ಮೇಷ್ಟ್ರು ನನ್ನ ಮುಖ ನೋಡಿದರು. ಬೈಯಲಿಲ್ಲ. ಶಾಲೆ ಬಿಟ್ಟ ಮೇಲೆ "ನಡಿ" ಎಂದು ನನ್ನ ಜೊತೆ ಎರಡು ಮೈಲಿ ನಡೆದುಬಂದರು. ಮೇಯಲು ಹೋದ ಕುರಿಗಳು ಹಟ್ಟಿಗೆ ಬರುವವರೆಗೂ ಕಾದು, ಒಂದೊಂದನ್ನೂ ಕೈ ತೋರಿಸಿ ನನ್ನಿಂದ ಎಣಿಕೆ ಮಾಡಿಸಿದರು. ನಾನು ಬರೆದದ್ದಕ್ಕಿಂತ ಏಳು ಕಡಿಮೆ ಇದ್ದವು. ಚಪ್ಪಲಿಗೆ ಮೆತ್ತಿದ ಹಿಕ್ಕೆಯನ್ನು ಕಲ್ಲಿಗೆ ಒರೆಸುತ್ತಾ, "ಇಲ್ಲದ ಏಳು ಕುರೀನ ಎಲ್ಲಿಂದ ಹೊಡ್ಕೊಂಡು ಬಂದೆ ತಾಯಿ?" ಎಂದು ಕೇಳಿದರು. ಅವತ್ತು ಅವರ ಕೊನೆಯ ಬಸ್ಸು ತಪ್ಪಿತು. ಯಾರದೋ ಟ್ರಾಕ್ಟರಿನಲ್ಲಿ ಕೂತು ಶಿರಾಕ್ಕೆ ಹೋದರು.

ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಹನ್ನೊಂದು ಗಂಟೆಗೆ ಸರಿಯಾಗಿ ಡಬ್ಬಿ ತೆಗೆದು ಎರಡು ಬಿಸ್ಕತ್ತು ತಿನ್ನುವರು. ಪಾಠದ ನಡುವೆ ಎದ್ದು ಹೊರಗೆ ಹೋಗಿ ಬರುವರು. ನಮಗೆ ಅದೊಂದು ತಮಾಷೆಯಾಗಿತ್ತು.

ಆ ವರ್ಷ ಜೂನ್ ತಿಂಗಳಲ್ಲಿ ಅವರು ಮೇಲೆ ಹತ್ತಿ ನಿಂತು ತೂಕ ನೋಡುವ ಒಂದು ಮೆಷಿನ್ನನ್ನು ತಾವೇ ಕೊಂಡು ತಂದರು. ಪ್ರತಿ ತಿಂಗಳ ಮೊದಲ ಶನಿವಾರ ಎಲ್ಲರೂ ತೂಗಿಕೊಳ್ಳಬೇಕು, ಆ ತಿಂಗಳಿನ ನೇರಕ್ಕೆ ಒಂದು ಚುಕ್ಕೆ ಇಡಬೇಕು, ಚುಕ್ಕೆಗಳನ್ನು ಗೆರೆಯಿಂದ ಸೇರಿಸಬೇಕು. "ತನ್ನದನ್ನ ತಾನೇ ಬರೆದ್ರೆ ಆಸೆಗೆ ಬಿದ್ದು ಮೋಸ ಮಾಡ್ತೀರಿ" ಎಂದು ಇಬ್ಬಿಬ್ಬರ ಜೋಡಿ ಮಾಡಿದರು. ರಂಗಿಯ ನಕ್ಷೆ ಬರೆಯುವುದು ನನ್ನ ಕೆಲಸ, ನನ್ನದು ಅವಳ ಕೆಲಸ. ಅವಳ ಚುಕ್ಕೆಗಳು ಸಾಸಿವೆಯಷ್ಟು ಸಣ್ಣಗೆ, ಅಚ್ಚುಕಟ್ಟಾಗಿ ಇರುತ್ತಿದ್ದವು. ನನ್ನವು ಹರಡಿಕೊಳ್ಳುತ್ತಿದ್ದವು.

ರಂಗಿಗೆ ಅಪ್ಪ ಇರಲಿಲ್ಲ. ಅವಳ ಅವ್ವ ನಮ್ಮ ಶಾಲೆಯಲ್ಲೇ ಬಿಸಿಯೂಟ ಮಾಡುತ್ತಿದ್ದಳು. ದಸರಾ ರಜೆ ಕಳೆದು ಬಂದ ಮೇಲೆ ರಂಗಿ ನೀರು ಕುಡಿಯುವುದು ಹೆಚ್ಚಾಯಿತು. ಬಾಟಲಿ ಖಾಲಿಯಾದರೆ ನನ್ನದನ್ನು ಕಿತ್ತುಕೊಳ್ಳುವಳು. ಊಟಕ್ಕೆ ಕೂತರೆ ಮೂರು ಸಲ ಅನ್ನ ಹಾಕಿಸಿಕೊಳ್ಳುವಳು. ಅವಳವ್ವ, "ಬೆಳೆಯೋ ವಯಸ್ಸು ಕಣ್ರವ್ವ, ತಿನ್ಲಿ ಬುಡಿ" ಎಂದು ಬಡಿಸುವಳು. ಪಾಠದ ನಡುವೆ ರಂಗಿ ಮತ್ತೆ ಮತ್ತೆ ಕಿರುಬೆರಳು ಎತ್ತುವಳು. ಒಂದು ದಿನ ಮೇಷ್ಟ್ರು ರೇಗಿ, "ಏನಮ್ಮ, ನಿನ್ನೊಳಗೆ ಬೋರ್‌ವೆಲ್ ಕೊರೆಸಿದಾರಾ? ಕೂತ್ಕೋ ಸುಮ್ನೆ" ಎಂದರು. ಹದಿನೇಳು ಜನವೂ ನಕ್ಕೆವು. ರಂಗಿ ಕೂತಳು. ಬೆಲ್ಲು ಹೊಡೆಯುವವರೆಗೂ ತುಟಿ ಕಚ್ಚಿಕೊಂಡು ಕೂತಿದ್ದಳು.

ನವೆಂಬರ್ ತಿಂಗಳ ಮೊದಲ ಶನಿವಾರ ಬಂತು. ಸೋಮವಾರ ಶಾಲೆ ನೋಡಲು ಅಧಿಕಾರಿಗಳು ಬರುವವರಿದ್ದರು. ನಮ್ಮ ಹದಿನೆಂಟು ನಕ್ಷೆಗಳನ್ನೂ ಗೋಡೆಗೆ ಅಂಟಿಸಬೇಕೆಂದು ಮೇಷ್ಟ್ರು ಬೆಳಿಗ್ಗೆಯಿಂದ ಕೂತವರಿರಲಿಲ್ಲ. ಎಲ್ಲರ ತೂಕವೂ ಆಯಿತು. ಮೆಷಿನ್ನನ್ನು ಒರೆಸಿ ಬೀರುವಿನಲ್ಲಿ ಇಟ್ಟಾಯಿತು. ಕೆಂಪು ಪೆನ್ನು ಹಿಡಿದು ಒಂದೊಂದೇ ಹಾಳೆಗೆ ಸಹಿ ಹಾಕುತ್ತಾ ನಮ್ಮ ಬೆಂಚಿನ ಹತ್ತಿರ ಬಂದು ನಿಂತರು. ರಂಗಿಯ ಗೆರೆ ಜೂನ್‌ನಲ್ಲಿ ಮೂವತ್ತರಿಂದ ಹೊರಟು ಸೆಪ್ಟೆಂಬರಿಗೆ ಮೂವತ್ತೆರಡಕ್ಕೆ ಏರಿತ್ತು. ಅಕ್ಟೋಬರ್‌ನಲ್ಲಿ ಒಂದು ಕೆಜಿ ಇಳಿದಿತ್ತು. ನವೆಂಬರ್ ಚುಕ್ಕೆ ಇಪ್ಪತ್ತೇಳರಲ್ಲಿತ್ತು.

"ಇದೇನಮ್ಮ, ಹಿಂಗೆ ಕೆಳಕ್ಕೆ ಬಿದ್ದೈತೆ?"

"ಮೆಷಿನ್ನು ಅಂಗೇ ತೋರಿಸ್ತು ಸಾರ್" ಎಂದೆ.

"ಬೆಳೆಯೋ ಮಕ್ಕಳ ತೂಕ ಹೆಂಗೆ ಇಳೀತದೆ? ಕಾಲು ಸರಿಯಾಗಿ ಇಟ್ಟಿರಲ್ಲ. ಇನ್ನೊಂದು ಸಲ ತೂಗಿ ತಿದ್ದಿಕೊಂಡು ಬಾ" ಎಂದು ಮುಂದಿನ ಬೆಂಚಿಗೆ ಹೋದರು.

ರಂಗಿ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿದ್ದಳು. ನಾನು ಅವಳ ಭುಜ ಅಲ್ಲಾಡಿಸಿದೆ. "ಏಳೇ, ಮತ್ತೆ ತೂಗ್ಬೇಕಂತೆ." ಅವಳು ಕಣ್ಣು ತೆರೆಯದೆ, "ನನ್ ಕೈಲಿ ಎದ್ದೋಗಾಕೆ ಆಗಲ್ಲ ಕಣೇ. ನೀನೇ ತಿದ್ದಾಕು ಬುಡು" ಎಂದಳು.

ನಾನು ರಬ್ಬರಿನಿಂದ ಉಜ್ಜಿದೆ. ಚುಕ್ಕೆ ಹೋಗಲಿಲ್ಲ. ಬೆರಳಿಗೆ ಎಂಜಲು ಹಚ್ಚಿಕೊಂಡು ಉಜ್ಜಿದೆ. ಕಾಗದ ಅಲ್ಲಿ ತೆಳ್ಳಗಾಗಿ ನಾರೆದ್ದಿತು. ಚುಕ್ಕೆಯನ್ನು ಮೂವತ್ಮೂರಕ್ಕೆ ಏರಿಸಿ, ಗೆರೆ ಎಳೆದು, ಮೇಷ್ಟ್ರ ಕೈಗೆ ಕೊಟ್ಟೆ. ಅವರು ಹಾಳೆಯನ್ನು ಕಿಟಕಿಯ ಕಡೆ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಕುರಿಹಟ್ಟಿಯ ಏಳು ಕುರಿಗಳು ನೆನಪಾದವು. "ಹ್ಞೂಂ, ಈಗ ಸರಿಯಾಯ್ತು" ಎಂದು ಸಹಿ ಹಾಕಿದರು.

ಸೋಮವಾರ ಬಂದವರು ಗೋಡೆ ನೋಡಿ ಮೆಚ್ಚಿದರು. ಮೊಬೈಲಿನಲ್ಲಿ ಫೋಟೋ ಹಿಡಿದರು. ರಂಗಿ ಅವತ್ತು ಬಂದಿರಲಿಲ್ಲ. ಮಂಗಳವಾರವೂ ಬರಲಿಲ್ಲ. ವಾಂತಿ ಅಂತೆ, ಉಸಿರು ಜೋರಾಗಿ ಬಿಡುತ್ತಾಳಂತೆ ಎಂದರು. ಗುರುವಾರ ಬೆಳಿಗ್ಗೆ ಶಿರಾ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ರಕ್ತ ನೋಡಿದ ಡಾಕ್ಟರು ಸಕ್ಕರೆ ಕಾಯಿಲೆ ಎಂದು ಹೇಳಿ, ಆಗಲೇ ಮಾಡಬೇಕಾದ್ದನ್ನು ಮಾಡಿ, ಗಾಡಿ ಹತ್ತಿಸಿ ತುಮಕೂರಿಗೆ ಕಳಿಸಿದರು. ತುಮಕೂರು ಮುಟ್ಟುವ ಮೊದಲೇ ರಂಗಿ ಹೋದಳು. ಹನ್ನೆರಡು ವರ್ಷ ಅವಳಿಗೆ.

ಮಾರನೆಯ ದಿನ ಮೇಷ್ಟ್ರು ನಮ್ಮನ್ನೆಲ್ಲ ಸಾಲಾಗಿ ಅವಳ ಮನೆಗೆ ಕರೆದುಕೊಂಡು ಹೋದರು. ಗುಡಿಸಲಿನ ಮುಂದೆ ಜನ ಕೂತಿದ್ದರು. ರಂಗಿಯ ಅವ್ವ ಎದ್ದು ಬಂದು, "ಸಾರ್, ಅವ್ಳು ಸಕ್ಕರೆನೇ ತಿಂತಿರ್ಲಿಲ್ಲ. ನಮ್ಮನೇಲಿ ಬೆಲ್ಲದ ಟೀ ಸಾರ್" ಎಂದಳು. ಮೇಷ್ಟ್ರು ಕೈಮುಗಿದರು. "ತಪ್ಪು ನಂದು ಕಣವ್ವ. ನಂಗೇ ಇರೋ ಕಾಯಿಲೆ. ನೀರು ಕುಡಿಯೋದು, ಹೊರಗೆ ಹೋಗೋದು, ತೂಕ ಇಳಿಯೋದು ಎಲ್ಲಾ ನಂಗೆ ಗೊತ್ತು. ಕಣ್ಮುಂದೆ ಕೂತಿದ್ಲು, ನಂಗೆ ಕಾಣ್ಲಿಲ್ಲ." ಕೂತಿದ್ದ ಒಬ್ಬ ಮುದುಕರು "ಹಣೇಬರ ಸಾರ್, ನೀವೇನ್ ಮಾಡಾಕಾಯ್ತದೆ" ಎಂದರು. ಮೇಷ್ಟ್ರು ಅವರ ಕಡೆ ತಿರುಗಿಯೂ ನೋಡಲಿಲ್ಲ. ನಾನು ಮೇಷ್ಟ್ರ ಹಿಂದೆಯೇ ನಿಂತಿದ್ದೆ. ಚುಕ್ಕೆ ಏರಿಸಿದವಳು ನಾನು ಎಂದು ಯಾರಾದರೂ ಹೇಳಿಬಿಡುತ್ತಾರೇನೋ ಎಂದು ಹೆದರಿದ್ದೆ. ಯಾರೂ ಹೇಳಲಿಲ್ಲ. ಗೊತ್ತಿದ್ದವಳು ರಂಗಿಯೊಬ್ಬಳೇ ಎಂದುಕೊಂಡೆ.

ಆಮೇಲೆ ಅವರು ಗೋಡೆಯ ಮೇಲಿನ ನಕ್ಷೆಗಳನ್ನೆಲ್ಲ ಬಿಡಿಸಿ ಅವರವರಿಗೆ ಕೊಟ್ಟರು. ರಂಗಿಯದನ್ನು ಮಡಿಸಿ ತಮ್ಮ ಜೇಬಿಗೆ ಇಟ್ಟುಕೊಂಡರು. ತೂಕದ ಮೆಷಿನ್ನು ಬೀರುವಿನಿಂದ ಮತ್ತೆ ಹೊರಗೆ ಬರಲಿಲ್ಲ. ಪರೀಕ್ಷೆಗೆ ಮುಂಚೆ ಎಲ್ಲ ಪಾಠಗಳನ್ನೂ ತಿರುವಿಹಾಕುವಾಗ ನಕ್ಷೆಯ ಪಾಠವೂ ಬಂತು. ಹಲಗೆಯ ಮೇಲೆ ಅಡ್ಡಕ್ಕೊಂದು, ಉದ್ದಕ್ಕೊಂದು ಗೆರೆ ಎಳೆದರು. ತಿಂಗಳುಗಳ ಹೆಸರು ಬರೆಯತೊಡಗಿದರು. ಜೂನ್, ಜುಲೈ, ಆಗಸ್ಟ್ ಎಂದು ಬರೆಯುತ್ತಾ ಅಕ್ಟೋಬರಿಗೆ ಬಂದಾಗ ಕೈ ನಿಂತಿತು. ಸೀಮೆಸುಣ್ಣವನ್ನು ಮುಂದಿನ ಬೆಂಚಿನವರ ಕೈಗೆ ಕೊಟ್ಟು ಹೊರಗೆ ಹೋದರು. ಬೆಲ್ಲಾದರೂ ಒಳಗೆ ಬರಲಿಲ್ಲ.

ರಂಗಿಯ ಅವ್ವ ಒಂದು ತಿಂಗಳು ಕಳೆದ ಮೇಲೆ ಮತ್ತೆ ಅಡುಗೆಗೆ ಬಂದಳು. ಬೇರೆ ಕೆಲಸ ಎಲ್ಲಿತ್ತು ಅವಳಿಗೆ? ಮಧ್ಯಾಹ್ನ ಮೇಷ್ಟ್ರು ಎಂದಿನಂತೆ ನಮ್ಮ ಸಾಲಿನಲ್ಲೇ ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಅವಳು ಬಡಿಸುವಳು. ಅವರು ತಲೆ ಎತ್ತುತ್ತಿರಲಿಲ್ಲ. ಸಾಕು ಎಂದೂ ಹೇಳುತ್ತಿರಲಿಲ್ಲ. ಎಷ್ಟು ಬಡಿಸಿದರೆ ಅಷ್ಟನ್ನೂ ತಿಂದು ಏಳುತ್ತಿದ್ದರು.

ಮುಂದಿನ ವರ್ಷ ನಾನು ಹೈಸ್ಕೂಲಿಗೆ ಹೋದೆ. ಅವರು ಕೇಳಿಕೊಂಡು ಪಾವಗಡದ ಕಡೆಗೆ, ತಿರುಮಣಿಯ ಹತ್ತಿರದ ಒಂದು ಶಾಲೆಗೆ ವರ್ಗ ಮಾಡಿಸಿಕೊಂಡರು. ಸುತ್ತ ಹೊಲಗಳಿದ್ದಲ್ಲೆಲ್ಲ ಸೋಲಾರ್ ಹಲಗೆಗಳು ಮಲಗಿರುವ ಊರು ಅದು. ಅಲ್ಲಿ ನಕ್ಷೆಯ ಪಾಠವನ್ನು ವಿಜ್ಞಾನದ ಮೇಡಮ್ಮಿಗೆ ಬಿಟ್ಟುಕೊಟ್ಟಿದ್ದರಂತೆ. ತೆಲುಗು ಬೆರೆಸಿ ಮಾತಾಡುವ ಅಲ್ಲಿನ ಮಕ್ಕಳು "ಮಾ ಸಾರು ಗೀತಲು ಗೀಯರು" ಎಂದು ನಗುತ್ತಿದ್ದರಂತೆ. ನಮ್ಮ ಸಾರು ಗೆರೆ ಎಳೆಯುವುದಿಲ್ಲ ಎಂದು. ಇದನ್ನು ಆ ಮೇಡಮ್ಮೇ ಒಂದು ತರಬೇತಿಯಲ್ಲಿ ಸಿಕ್ಕಾಗ ನನಗೆ ಹೇಳಿದರು. ಆ ಹೊತ್ತಿಗೆ ನಾನೂ ಕೊರಟಗೆರೆಯ ಹತ್ತಿರ ಒಂದು ಶಾಲೆಯಲ್ಲಿ ಲೆಕ್ಕದ ಟೀಚರಾಗಿದ್ದೆ. ಬಹುಶಃ ಬೇರೆ ಯಾವುದನ್ನು ಆರಿಸಿಕೊಂಡರೂ ಓಡಿಹೋದಂತಾಗುತ್ತಿತ್ತು.

ಹೋದ ವರ್ಷ ಅವರಿಗೆ ಮೈ ತೀರಾ ಹದಗೆಟ್ಟಿದೆ ಎಂದು ತಿಳಿದು ಮಧುಗಿರಿಗೆ ಹೋದೆ. ಕೋಟೆ ಬೆಟ್ಟದ ಕೆಳಗೆ ಒಂದು ಗಲ್ಲಿಯಲ್ಲಿ ಮನೆ. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಬಾಗಿಲು ತೆಗೆದ ಅವರ ಹೆಂಡತಿ, "ಮಾತ್ರೆನೂ ತಗೊಳ್ಳಲ್ಲ, ಪಥ್ಯನೂ ಮಾಡಲ್ಲ. ನಾನು ಹೇಳಿ ಹೇಳಿ ಸಾಕಾದೆ ಕಣಮ್ಮ. ನೀನಾದ್ರೂ ಹೇಳು" ಎಂದರು. ಮೇಷ್ಟ್ರು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಗುರುತು ಹಿಡಿದರು. ಯಾವ ಶಾಲೆ, ಎಷ್ಟು ಮಕ್ಕಳು ಎಂದೆಲ್ಲ ಕೇಳಿದರು. ಅವರ ಹೆಂಡತಿ ಟೀ ಮಾಡಲು ಒಳಗೆ ಹೋದಾಗ, ಅಷ್ಟು ವರ್ಷ ನನ್ನೊಳಗೆ ಕೊಳೆಯುತ್ತಿದ್ದ ಮಾತನ್ನು ಆಡಿಬಿಟ್ಟೆ.

"ಸಾರ್, ಅವತ್ತು ನಾನು ರಂಗೀನ ಮತ್ತೆ ತೂಗ್ಲಿಲ್ಲ. ಸುಮ್ನೆ ಅಳಿಸಿ ಚುಕ್ಕೆ ಮೇಲಕ್ಕೆ ಇಟ್ಟೆ."

ಅವರು ಹೊದಿಕೆಯನ್ನು ಎಳೆದು ಕಾಲಿನ ಮೇಲೆ ಹಾಕಿಕೊಂಡರು. ಆಮೇಲೆ, "ಗೊತ್ತು" ಎಂದರು.

"ಆಮೇಲೆ ಗೊತ್ತಾಯ್ತಾ ಸಾರ್?"

"ಅವತ್ತೇ ಗೊತ್ತಿತ್ತು. ಮೆಷಿನ್ನು ಬೀರುವಿನೊಳಗಿತ್ತು. ಬೀಗದ ಕೈ ನನ್ನ ಜೇಬಲ್ಲಿತ್ತು. ನೀನು ಕೇಳೋಕೇ ಬರ್ಲಿಲ್ವಲ್ಲಮ್ಮ."

ಅವರು ನನ್ನನ್ನು ನೋಡದೆ, ಎದುರಿನ ಗೋಡೆ ನೋಡುತ್ತಾ ಹೇಳಿದರು: "ಸೋಮವಾರ ಬರೋರಿದ್ರು. ಹದಿನೇಳು ಗೆರೆ ಮೇಲಕ್ಕೆ ಹೋಗ್ತಾ ಇದ್ವು, ಒಂದು ಕೆಳಕ್ಕೆ. ಗೋಡೆ ಚೆನ್ನಾಗಿ ಕಾಣ್ಲಿ ಅನ್ನಿಸ್ತು. ಸುಳ್ಳು ಅಂತ ಗೊತ್ತಿದ್ದೂ ಸಹಿ ಹಾಕ್ದೆ. ಕುರಿ ಎಣಿಸೋಕೆ ಎರಡು ಮೈಲಿ ನಡೆದೋನು, ಆ ಮಗೂನ ತೂಗೋಕೆ ನಾಲ್ಕು ಹೆಜ್ಜೆ ನಡೆದು ಬೀರು ತೆಗೀಲಿಲ್ಲ."

"ನಾನು ತೂಗಿದ್ರೆ..." ಎಂದು ಅಳತೊಡಗಿದೆ.

"ನೀನು ಹನ್ನೆರಡು ವರ್ಷದೋಳು. ನಾನು ಮೇಷ್ಟ್ರು. ನಿಂಗೇನೂ ಇಲ್ಲ ಇದರಾಗೆ, ಹೋಗು."

ಆ ಮಾತಿನಿಂದ ನನ್ನ ಭಾರ ಇಳಿಯಬೇಕಾಗಿತ್ತು. ಇಳಿಯಲಿಲ್ಲ. ಟೀ ಬಂತು. ಅವರು ಸಕ್ಕರೆ ಡಬ್ಬಿ ತರಿಸಿ, ಹೆಂಡತಿ ಬೇಡ ಬೇಡ ಎನ್ನುತ್ತಿದ್ದರೂ ಎರಡು ಚಮಚ ಹಾಕಿಕೊಂಡು ಕುಡಿದರು. ಮಾತ್ರೆ ತಗೊಳ್ಳಿ ಸಾರ್ ಎಂದು ನಾನು ಹೇಳಿದೆನೋ ಇಲ್ಲವೋ, ಹೇಳಿದ್ದರೂ ಅದರಲ್ಲಿ ಬಲವಿರಲಿಲ್ಲ.

ನಾಲ್ಕು ತಿಂಗಳಿಗೆ ಅವರು ಹೋದರು. ಮಣ್ಣಿಗೆ ನಾಲ್ಕೈದು ಜನ ಹಳೆಯ ಮೇಷ್ಟ್ರುಗಳು, ಬೀದಿಯವರು, ನಾನು. ತಿರುಗಿ ಬರುವಾಗ ನನ್ನ ಬಸ್ಸು ಕೊರಟಗೆರೆಯದಾಗಬೇಕಿತ್ತು. ನಾನು ಶಿರಾ ಬಸ್ಸು ಹತ್ತಿದೆ. ರಂಗಿಯ ಅವ್ವನಿಗೆ ಸುದ್ದಿ ಮುಟ್ಟಿಸಬೇಕಾಗಿತ್ತು. ಜೊತೆಗೆ, ಮೇಷ್ಟ್ರಿಗೆ ಹೇಳಿದ್ದನ್ನು ಅವಳಿಗೂ ಹೇಳಬೇಕು ಎಂದು ನಿಶ್ಚಯ ಮಾಡಿಕೊಂಡಿದ್ದೆ.

ಅವಳು ಶಾಲೆಯ ಹಿಂದಿನ ನಲ್ಲಿಯ ಹತ್ತಿರ ಊಟದ ತಟ್ಟೆಗಳನ್ನು ತೊಳೆಯುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ಸುದ್ದಿ ಕೇಳಿ ಕೈ ನಿಲ್ಲಿಸಿದಳು.

"ವರ್ಷಾ ವರ್ಷಾ ಬರೋರು ಕಣವ್ವ. ಅವ್ಳು ಹೋದ ದಿನ. ಪಾವಗಡದಿಂದ ಎರಡು ಬಸ್ಸು ಹತ್ತಿ ಬರೋರು. ಕಾಲು ತೆಗೆದ ಮ್ಯಾಲೆ ಈ ಒಂದ್ ವರ್ಷ ಬಂದಿರ್ಲಿಲ್ಲ." ಒಂದು ತಟ್ಟೆ ಎತ್ತಿಕೊಂಡು ಬೂದಿ ಹಚ್ಚಿದಳು. "ಬಂದೋರೆ ತಪ್ಪು ನಂದು, ತಪ್ಪು ನಂದು ಅನ್ನೋರು. ನಾನು ಒಂದ್ ದಿನಾನೂ ಅಲ್ಲ ಅನ್ಲಿಲ್ಲ."

ಅವಳು ತಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದಳು.

"ಅವ್ಳ ಲಂಗದ ಲಾಡೀನ ಮೂರು ಸಲ ಬಿಗಿ ಮಾಡಿ ಕಟ್ಟಿದ್ದೆ, ಇದೇ ಕೈಯಾಗೆ. ಮಗ ಸಣ್ಣಾಯ್ತಾ ಐತೆ ಅಂತ ತಿಳ್ಕೊಳ್ಳಾಕೆ ನಂಗೇನು ಮೆಷಿನ್ನು ಬೇಕಿತ್ತಾ? ಆದ್ರೆ ಅವ್ರು ನಂದು ನಂದು ಅಂದಾಗೆಲ್ಲ ಅಂಗೇ ಇರ್ಲಿ ಅನ್ನಿಸ್ತಿತ್ತು. ಅಲ್ಲ ಸಾರ್, ನಿಮ್ದಲ್ಲ ಅಂದಿದ್ರೆ, ಆಮ್ಯಾಲೆ ಇನ್ಯಾರ್ದು ಅನ್ಬೇಕಾಗಿತ್ತು ಹೇಳು?"

ಅವಳು ನನ್ನ ಮುಖ ನೋಡಿದಳು. ಹೇಳಬೇಕೆಂದು ಮಧುಗಿರಿಯಿಂದ ತಂದಿದ್ದ ಮಾತು ನಾಲಿಗೆಯ ತುದಿಯಲ್ಲಿತ್ತು. ನಾನು ಹೇಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಅವಳ ಪಕ್ಕ ಕೂತು, ಉಳಿದ ತಟ್ಟೆಗಳನ್ನು ತೊಳೆದೆ. ಇವತ್ತಿಗೂ ಹೇಳಿಲ್ಲ. ಅವಳ ಲೆಕ್ಕದಲ್ಲಿ ನನ್ನ ಪಾಲಿನದನ್ನೂ ಮೇಷ್ಟ್ರೇ ಹೊತ್ತಿದ್ದಾರೆ.